ಮುಖ್ಯ ಫಲಿತಾಂಶ

ಫಾರಂನಲ್ಲಿ ಜಾಗ ಬಿಟ್ಟಿದ್ದಾರೆ, ಒಂದೇ ಸಾಲಿನಷ್ಟು.
ಮುಖ್ಯ ಫಲಿತಾಂಶ: ಒಂದೇ ಇರಲಿ,
ಮೊದಲೇ ಬರೆದಿಡಿ, ಆಮೇಲೆ ಬದಲಿಸುವಂತಿಲ್ಲ.

ಮುಲಾಮು ತಯಾರಿದೆ. ಕೈಗಳೂ ತಯಾರಿವೆ.
ಕುರುಗೋಡಿನ ಗೋದಾಮಿನ ಹಿಂದೆ, ತಗಡಿನ ನೆರಳಲ್ಲಿ,
ನೂರಾ ಇಪ್ಪತ್ತು ಹೆಂಗಸರು
ಮೆಣಸಿನಕಾಯಿ ತೊಟ್ಟು ಬಿಡಿಸುತ್ತಾರೆ.
ಮೂಗಿಗೆ ಮಾಸ್ಕು ಕಟ್ಟಿ, ಸೀನುತ್ತ, ಕೇಳುತ್ತೇನೆ:
ಸೊನ್ನೆಯಿಂದ ಹತ್ತರೊಳಗೆ ಉರಿ ಎಷ್ಟು?

"ಯಾವಾಗಿಂದು?" ಅನ್ನುತ್ತಾಳೆ ಸುಂಕಮ್ಮ.
"ಈಗ ಕೇಳಿದ್ರ ಏನೂ ಇಲ್ಲ, ಕೈ ಮರಗಟ್ಟೈತಿ.
ಮನಿಗೆ ಹೋಗಿ ನೀರು ಮುಟ್ಟಿದಾಗ ಬಂದು ಕೇಳ್ರಿ."

ಫೋಟೋ ತೆಗೆಯೋಣ ಅಂದರು ಚರ್ಮದ ಡಾಕ್ಟರು.
ತೆಗೆದೆವು. ಉರಿ ಫೋಟೋದಲ್ಲಿ ಬೀಳಲಿಲ್ಲ.
ಕೆಂಪಗಿದ್ದದ್ದು ಬರೀ ಬಣ್ಣ, ತೊಳೆದರೆ ಹೋಗುವಂಥದು.
ಆರು ವಾರಕ್ಕೆ ನೋಡೋಣ ಅಂದರು ಲೆಕ್ಕದವರು.
ಆರು ವಾರಕ್ಕೆ ಕಾಯಿ ಮುಗಿದಿರುತ್ತದೆ, ಸ್ವಾಮಿ,
ಯುಗಾದಿ ಕಳೆದು ಎಲ್ಲರ ಕೈಯೂ ತಾನಾಗಿ ತಣ್ಣಗಾಗಿ
ನಮ್ಮ ಮುಲಾಮೂ ಗೆಲ್ಲುತ್ತದೆ, ಬರೀ ವ್ಯಾಸಲೀನೂ ಗೆಲ್ಲುತ್ತದೆ.

ಗೋದಾಮಿನ ಧಣಿ ಪಂಪನಗೌಡರು ಚಹಾ ಕೊಟ್ಟು
ತಮ್ಮದೂ ಒಂದು ಸೇರಿಸಿದರು:
"ದಿನಕ್ಕೆ ಎಷ್ಟು ಕೆಜಿ ಬಿಡಿಸಿದ್ಲು, ಅದನ್ನ ಬರ್ಕೊಳ್ರಿ.
ನಮ್ಮ ತಕ್ಕಡಿ ಸುಳ್ಳು ಹೇಳಲ್ಲ."
ನಿಜ. ಅಳೆಯಲು ಅದಕ್ಕಿಂತ ಸುಲಭವಾದ್ದಿಲ್ಲ.
ಮುಲಾಮು ಗೆದ್ದರೆ ಇವಳಿಗೆ ಇನ್ನೆರಡು ಚೀಲ.

ಕಡೆಗೆ ಪೆನ್ನು ಮುಚ್ಚಿ ಕೇಳಿದೆ:
ಏನಾದರೆ ವಾಸಿಯಾಯ್ತು ಅಂತೀರಿ?

ಯಾರೋ ನಕ್ಕರು. ಮಾಬುನ್ನಿ ಅಂದಳು, "ಹಿಟ್ಟು ನಾದಬೇಕು."
ಸುಂಕಮ್ಮ ತೊಟ್ಟು ಮುರಿಯುತ್ತಲೇ,
"ಮಮ್ಮಗಳು ಅತ್ರ ನಾ ಕಣ್ಣೊರಸ್ತೀನಲ್ರಿ,
ಒರಸಿದ ಮ್ಯಾಲೆ ಇನ್ನಾ ಜೋರು ಅಳಬಾರ್ದು."

ಕಮಿಟಿಯಲ್ಲಿ ಓದಿದೆ.
ಇದಕ್ಕೆ ಅಳತೆ ಇದೆಯೇ?
ಬೇರೆ ಊರಲ್ಲಿ ಯಾರಾದರೂ ಬಳಸಿದ್ದಾರೆಯೇ?
ಮೊಮ್ಮಕ್ಕಳಿಲ್ಲದವರನ್ನು ಏನು ಮಾಡುತ್ತೀರಿ?
ಕೊನೆಯ ಪ್ರಶ್ನೆ ನ್ಯಾಯವಾದದ್ದು. ಉತ್ತರ ಇರಲಿಲ್ಲ.

ಬರೆದದ್ದು ಇಷ್ಟು:
ಹತ್ತನೇ ದಿನ, ಸಂಜೆ, ಕೈ ನೀರಲ್ಲಿ ಅದ್ದಿದ ಮೇಲೆ
ಅವಳೇ ಹೇಳುವ ಅಂಕಿ.
ಅದರ ಕೆಳಗೆ, ಎರಡನೆಯ ದರ್ಜೆಯಲ್ಲಿ, ಸಣ್ಣಕ್ಷರದಲ್ಲಿ:
ಬಟ್ಟೆ ಸುತ್ತದ ಕೈಯಿಂದ
ಮನೆಯ ಯಾರನ್ನಾದರೂ ಮುಟ್ಟಿದ ರಾತ್ರಿಗಳು.

ಕೆಜಿ ಬರೆಯಲಿಲ್ಲ. ಧಣಿಗೆ ಇನ್ನೂ ಹೇಳಿಲ್ಲ.

ಅವತ್ತು ಒಪ್ಪಿಗೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಲು
ಸುಂಕಮ್ಮನ ಬೆರಳು ಹಿಡಿದಿದ್ದೆ;
ಬಸ್ಸಲ್ಲಿ ಮರೆತು ಕಣ್ಣುಜ್ಜಿಕೊಂಡೆ.
ಬಳ್ಳಾರಿ ಗುಡ್ಡ ಕಾಣುವವರೆಗೂ
ಸೊನ್ನೆಯಿಂದ ಹತ್ತರೊಳಗೆ ಎಷ್ಟೆಂದು
ನನಗೇ ಹೇಳಲು ಬರಲಿಲ್ಲ.