ಅರ್ಧ ಮಾತ್ರೆ

ಎರುಂದೀನಾ ಬಾಗಿಲಲ್ಲಿ ನಿಂತಾಗ
ಗುರುತು ಹಿಡಿಯಲಿಲ್ಲ ನಾನು, ಒಪ್ಪಿಕೊಳ್ಳುತ್ತೇನೆ.
ಅರೋಸಾ ಕೊಲ್ಲಿಯ ಇಳಿತದಲ್ಲಿ ಬಗ್ಗಿ ಬಗ್ಗಿ ಚಿಪ್ಪು ಬಳಿದ
ಒಣಕಲು ಹೆಂಗಸಿನ ಕೊರಳ ಮೇಲೆ
ಯಾರದೋ ತುಂಬು ಮುಖ.

"ಇವಳು ನಮ್ಮಕ್ಕ, ಡಾಕ್ಟರೇ.
ಸತ್ತು ಇಪ್ಪತ್ತು ವರ್ಷ. ಈಗ ದಿನಾ ಕನ್ನಡಿಗೆ ಬರುತ್ತಾಳೆ."

ಮಾರ್ಚಿನಲ್ಲಿ ತಲೆ ಬಾಚಲು ಕೈ ಎತ್ತಲಾರದೆ ಬಂದವಳು
ಮೂರೇ ದಿನಕ್ಕೆ ಕುಕ್ಕೆ ಹೊತ್ತು ಮರಳಿಗಿಳಿದಿದ್ದಳು.
ಹದಿನೈದು ಮಿಲಿಗ್ರಾಂ. ಊರೆಲ್ಲ ನನ್ನ ಹೊಗಳಿತು.
ಈಗ ಆ ಹೊಗಳಿಕೆಯ ಬಾಕಿ:

ಸಕ್ಕರೆ ನೂರ ಎಂಬತ್ತು.
ತೋಳಿನ ಚರ್ಮ ಈರುಳ್ಳಿ ಸಿಪ್ಪೆ.
ಮೂಳೆಯ ಸ್ಕ್ಯಾನಿಗೆ ಪಟ್ಟಣದಲ್ಲಿ ಆರು ವಾರದ ಸರದಿ.
ನಿದ್ದೆಯಿಲ್ಲ; ರಾತ್ರಿ ಮೂರಕ್ಕೆದ್ದು ಜೋಳದ ಬ್ರೆಡ್ಡು ಬೇಯಿಸಿ
ಅರ್ಧ ತಾನೇ ತಿಂದು
ಉಳಿದದ್ದು ನೆರೆಯವರ ಕಿಟಕಿಯಲ್ಲಿಟ್ಟು ಬರುತ್ತಾಳೆ.
"ಅವರು ಊದಿಕೊಂಡರೆ ಅದೂ ನಿಮ್ಮ ಲೆಕ್ಕಕ್ಕೇ."

ಆಮೇಲೆ, ಹೊರಟವಳು, ಬಾಗಿಲ ಹಿಡಿಕೆಯ ಮೇಲೆ ಕೈಯಿಟ್ಟು:
"ಗುರುವಾರದಿಂದ ನಿಲ್ಲಿಸಿದ್ದೇನೆ.
ಮೊಮ್ಮಗಳ ಮದುವೆ. ಫೋಟೋ."

ಮತ್ತೆ ಕೂರಿಸಿದೆ. ಹೊರಗೆ ಏಳು ಜನ ಕಾಯುತ್ತಿದ್ದರು.
ಎರುಂದೀನಾ, ಕಡಲು ಒಮ್ಮೆಗೇ ಹಿಂದೆ ಸರಿದರೆ
ಏನು ಮಾಡುತ್ತೀರಿ?
"ಓಡುತ್ತೇನೆ. ಗುಡ್ಡಕ್ಕೆ."
ಹಾಗೇ ಇದೂ. ನಿಮ್ಮೊಳಗಿನ ಗ್ರಂಥಿ ಮಲಗಿಬಿಟ್ಟಿದೆ,
ಮೆಲ್ಲಗೆ ಎಬ್ಬಿಸಬೇಕು.
ಇವತ್ತಿನದು ಈಗಲೇ ನುಂಗಿ. ಮುಂದಿನ ತಿಂಗಳು
ಹನ್ನೆರಡೂವರೆ.

ಅರೆಗೆ ಅವಳು ಹುಬ್ಬೇರಿಸಿ
ಜೇಬಿನಿಂದ ಚಿಪ್ಪು ಬಿಡಿಸುವ ಚಾಕು ತೆಗೆದಳು.
ಮಾತ್ರೆಯ ಗೆರೆ ನೋಡಿ ಒತ್ತಿದಳು.
ಎರಡು ಸಮ ಹೋಳು, ಮೇಜಿನ ಮೇಲೆ ಒಂದು ಕಣ ಪುಡಿಯಿಲ್ಲ.

"ಫೋಟೋದಲ್ಲಿ ಅಕ್ಕನೇ ನಿಲ್ಲಲಿ ಬಿಡಿ," ಎಂದಳು,
ಚಾಕು ಮಡಚುತ್ತ.
"ನನ್ನ ಮದುವೆಗೆ ಅವಳನ್ನು ಕರೆದಿರಲಿಲ್ಲ."