ಎಚ್ಚರದ ಅಳತಿ

ಮಾಳಮ್ಮನ ಡ್ಯೂಟಿ ಆರೂವರಿ ಬಸ್ಸಿಗೆ ಶುರು,
ಶಹಾಪುರದಿಂದ ಯಾದಗಿರಿ, ಯಾದಗಿರಿಯಿಂದ ಶಹಾಪುರ,
ಟಿಕೀಟು ಮಿಷನ್ನು ಕೊರಳಾಗ, ಎದಿಹಾಲು ಕುಪ್ಪಸದಾಗ.
ನಾನು ಅಂಗಡಿ ಷಟರ್ ಅರ್ಧ ಎತ್ತತಿದ್ದೆ.
ಪೂರಾ ಎತ್ತಿದರ ಒಳಗ ಕೂಸು ಏಳತಿತ್ತು.

ಪ್ಯಾಂಟಿನ ಅಳತಿ ಗೊತ್ತು, ಜಂಪರಿನ ಅಳತಿ ಗೊತ್ತು,
ಹೊಟ್ಟಿ ಒಳಗ ಎಳಕೊಂಡು ನಿಂತ ಗೌಡರ ಖರೆ ಅಳತಿನೂ ಗೊತ್ತು.
ಹತ್ತು ತಿಂಗಳ ದ್ಯಾವಿಯ ನಿದ್ದಿ ಮಾತ್ರ
ಟೇಪಿಗೆ ಸಿಗಲಿಲ್ಲ.
ಟೇಪು ಹಿಡದರ ಅದರ ತುದಿ ಅಕಿ ಬಾಯಾಗ.

ಆರು ತಿಂಗಳಿದ್ದಾಗ ಹಗಲಿಗೆ ಮೂರು ಸಲ ಮಲಗತಿದ್ದಳು:
ಮುಂಜಾನಿ, ಮಧ್ಯಾನ, ಮತ್ತ ಐದು ಬಡದ ಮ್ಯಾಲ ಒಂದು ಸಣ್ಣದು.
ಅದ ಅಂಗಿ ಈಗೂ ತೊಡಸಲಿಕ್ಕೆ ಹೋದೆ.
ಜೋಳಿಗಿ ತೂಗಿದೆ, ಬೆನ್ನು ತಟ್ಟಿದೆ, ಕೌದಿ ಹೊಚ್ಚಿದೆ,
ಬಟ್ಟಿ ಇಲ್ಲದ ಮಿಷನ್ನು ಸುಮ್ಮನ ತುಳದೆ,
ಆ ಸಪ್ಪಳಕ್ಕಾದರೂ ಕಣ್ಣು ಮುಚ್ಚಲಿ ಅಂತ.
ಕೂಸು ಜೋಳಿಗಿ ಹಿಡಕೊಂಡು ಎದ್ದು ನಿಂತು
ನನ್ನ ನೋಡಿ ಕಿಸಕ್ಕನ ನಕ್ಕಿತು.
ರಾತ್ರಿ ಹನ್ನೊಂದಾದರೂ ಅಂಬೆಗಾಲಿಲೆ
ಚಿಂದಿ ಗಂಟು ಹುಡುಕತಿತ್ತು.

ಸೂಜಿ ಹಾಕಸಲಿಕ್ಕೆ ಹೋದಾಗ ಶಹನಾಜ್ ಸಿಸ್ಟರ್ ಅಂದರು:
"ಮಲಗೂ ಹೊತ್ತು ಯಾಕ ನೋಡತೀರಿ, ಎದ್ದಿರೂ ಹೊತ್ತು ನೋಡ್ರಿ.
ಮೂರು ತಾಸು, ಮೂರೂವರಿ, ಒಬ್ಬೊಬ್ಬರದು ಒಂದೊಂದು.
ಕಮ್ಮಿ ಆದರ ನಿದ್ದಿ ಬರೂದಿಲ್ಲ,
ಹೆಚ್ಚಾದರ ಬಂದ ನಿದ್ದಿನೂ ಸಿಟ್ಟು ಮಾಡಿ ಹೋಗತದ."

ಬಿಲ್ ಪುಸ್ತಕದ ಬೆನ್ನಿಗೆ ಬರಿಲಿಕ್ಕೆ ಹತ್ತಿದೆ.
ಏಳೂ ಹತ್ತಕ್ಕ ಎದ್ದಳು.
ಒಂಬತ್ತೂ ಐವತ್ತಕ್ಕ ಕಣ್ಣು ತಿಕ್ಕಿದಳು.
ಒಂದೂ ನಲವತ್ತು, ಕಿವಿ ಜಗ್ಗಿದಳು, ಗ್ವಾಡಿ ಕಡೆ ಸುಮ್ಮನ ನೋಡಿದಳು.
ಹಳಿಸಗರದ ಮಾಸ್ತರ್ರು ತಮ್ಮ ಬಿಲ್ಲು ತಿರುವಿ ಕೇಳಿದರು,
"ಯಾರ ಕಿವೀಪಾ ಇದು?"

ಹದಿನೈದು ದಿನದ ಲೆಕ್ಕ ಕೂಡಸಿ ನೋಡಿದೆ.
ಸಂಜಿ ನಿದ್ದಿಯ ಹೊಲಿಗಿ ಬಿಚ್ಚಬೇಕು.
ಕತ್ತರಿಗೆ ತಿಳೀತು, ಕೈಗೆ ಆಗಲಿಲ್ಲ.
ಯಾಕಂದರ ಮಾಳಮ್ಮ ಬರೂದು ರಾತ್ರಿ ಎಂಟೂವರಿಗೆ.
ಆ ಸಣ್ಣ ನಿದ್ದಿ ಕೂಸಿಂದಲ್ಲ,
ಅವ್ವ ಬರೂತನಕ ಕಣ್ಣು ತೆರದಿರಲಿ ಅಂತ
ನಾ ಹಚ್ಚಿದ ತ್ಯಾಪಿ.

ಬಿಚ್ಚಿದ ಮೊದಲನೇ ಸಂಜಿ ಆರಕ್ಕ ಅಳು, ಆರೂವರಿಗೆ ಅಳು.
ಹೆಗಲಿಗೆ ಹಾಕ್ಕೊಂಡು ಊರ ಹೊರಗ ನಡದೆ.
ಗುಡ್ಡ ಬುದ್ಧನಾಗಿ ಅಂಗಾತ ಮಲಗಿತ್ತು,
ಹಣಿ, ಮೂಗು, ಎದಿ, ಎಲ್ಲಾ ಆಕಾಶಕ್ಕ.
"ನೋಡವ್ವಾ, ಹ್ಯಾಂಗ ಮಲಗ್ಯಾನ" ಅಂದೆ.
ದ್ಯಾವಿ ಬುದ್ಧನ್ನ ನೋಡಲಿಲ್ಲ.
ದಾರ್ಯಾಗ ನಿಂತ ಆಡಿನ ಕಿವಿ ನೋಡಿ
ಬಿಕ್ಕೂದು ನಿಲ್ಲಿಸಿದಳು.
ಏಳೂಕಾಲಿಗೆ ಹೆಗಲು ಭಾರಾತು.

ಎಂಟೂವರಿಗೆ ಮಾಳಮ್ಮ ಚಪ್ಪಲಿ ಹೊರಗ ಬಿಟ್ಟು ಬಂದಳು.
ಕೌದಿ ಸರಿಸಿ ಒಂದು ಪಾದ ನೋಡಿದಳು.
ಬೈಲಿಲ್ಲ.
ಎಬ್ಬಸಲಿಲ್ಲ.
ಚಿಲ್ಲರಿ ಎಣಸಲಿಕ್ಕೆ ಕುಂತು
ಎರಡು ಸಲ ಲೆಕ್ಕ ತಪ್ಪಿದಳು.

ಅಂಗಿ ಒಂದು ಕಡೆ ಹಿಡದರ ಇನ್ನೊಂದು ಕಡೆ ಬಿಡಬೇಕು.
ಇದು ನನ್ನ ಕಸುಬಿನ ಮಾತು, ಕೂಸಿಗೆ ಯಾರು ಹೇಳಿದರೋ.
ಐದನೇ ದಿನಕ್ಕೋ ಆರನೇ ದಿನಕ್ಕೋ
ಇನ್ನೂ ಕತ್ತಲಿರೂವಾಗ ನಗೂ ಸಪ್ಪಳಕ್ಕ ಎಚ್ಚರಾತು.
ಮಾಳಮ್ಮ ಖಾಕಿ ತೊಟ್ಟು ನೆಲದ ಮ್ಯಾಲ ಕುಂತಿದ್ದಳು,
ತೊಡಿ ಮ್ಯಾಲ ದ್ಯಾವಿ, ಬಾಯಾಗ ಸೀಟಿಯ ದಾರ.

ಅವತ್ತಿನ ಬಿಲ್ಲಿನ ಬೆನ್ನಿಗೆ ನನ್ನದಲ್ಲದ ಅಕ್ಷರ:
ಐದೂ ಇಪ್ಪತ್ತೈದು. ತಾನ ಎದ್ದಳು. ನಲವತ್ತು ಮಿನಿಟು.
ಅದನ್ನ ಹರದು ಯಾರಿಗೂ ಕೊಟ್ಟಿಲ್ಲ.
ಮುಂದಿನ ಮಗ್ಗಲಾಗ ಮಾಸ್ತರ್ರ ಎರಡನೇ ಪ್ಯಾಂಟಿನ ಲೆಕ್ಕ ಅದ.
ಬಿಲ್ ಎಲ್ಲಿ ಅಂತ
ಎರಡು ಸಲ ಕೇಳಿ ಹೋಗ್ಯಾರ.