ಮೂರನೇ ಮೆಟ್ಟಿಲು

ಇಪ್ಪತ್ತೆರಡು ವರ್ಷ ಕಂಬ ಹತ್ತಿದವನು ನಾನು.
ಟಿಸಿ ಗುಂಯ್ಗುಡುವುದನ್ನು
ನೊಣದ ಸದ್ದಿನಷ್ಟು ಕೇಳಿದ್ದೆ,
ಅಂದರೆ ಕೇಳಿರಲಿಲ್ಲ.

ಮಿಕ್ಸರ್ ಹಚ್ಚಿದರೆ ಹಾಸಿಗೆಯ ಸುರುಳಿ ಹೊಕ್ಕು
ಕಿವಿ ಮುಚ್ಚಿಕೊಳ್ಳುವ ಮಗಳು
ನಲವತ್ತೈದನೇ ಸೆಕ್ಟರಿನ ಮೂಲೆಯಲ್ಲಿ
ಟಿಸಿಯ ಬೇಲಿಗೆ ಹಣೆ ಹಚ್ಚಿ ನಿಲ್ಲುತ್ತಾಳೆ.
ಗುಡಿಯಲ್ಲಿ ನಿಂತ ಹಾಗೆ, ಅಂತ ನಾನು ಹೇಳಬಹುದು.
ಅವಳು ಒಪ್ಪುವುದಿಲ್ಲ. ಗುಡಿಯಲ್ಲಿ ಗಂಟೆ ಇರುತ್ತದೆ.

"ಐವತ್ತು ಸೈಕಲ್ ಅದು" ಅಂದೆ,
ಗೊತ್ತಿದ್ದ ಒಂದನ್ನು ದಾನ ಕೊಡುವವನ ಠೀವಿಯಲ್ಲಿ.
"ನೂರು" ಅಂದಳು, ನನ್ನ ಅಂಗಿಯ ಗುಂಡಿ ನೋಡುತ್ತ.
"ಒಂದು ಸುತ್ತಿನ್ಯಾಗ ಕಬ್ಬಿಣ ಎರಡು ಸಲ ಹಿಗ್ಗತೈತಿ."
ಮರುದಿನ ಸೆಕ್ಷನ್ ಆಫೀಸಿನ ಸಾಹೇಬರನ್ನು ಕೇಳಿದೆ.
ಅವರು ಫೋನು ನೋಡಿದರು,
ಆಮೇಲೆ ನನ್ನನ್ನು ನೋಡಿದರು.
ನೂರು.

ಹುಬ್ಬಳ್ಳಿಯ ಡಾಕ್ಟರು ಆಟಿಸಂ ಎಂದು ಬರೆದ ಚೀಟಿಯನ್ನು
ಶೈಲಾ ರೇಷನ್ ಕಾರ್ಡಿನ ಜೊತೆ ಇಟ್ಟಿದ್ದಾಳೆ,
ಎರಡನ್ನೂ ಕೇಳಿದಲ್ಲಿ ತೋರಿಸಬೇಕು.
ಬಂದ ನೆಂಟರು ಒಂದೋ ಪಾಪ ಅನ್ನುತ್ತಾರೆ
ಒಂದೋ ಹದಿನೇಳು ಇಪ್ಪತ್ಮೂರ್ಲೆ ಎಷ್ಟು ಅನ್ನುತ್ತಾರೆ.
"ನಿಮ್ಮ ಮನ್ಯಾಗ ಕ್ಯಾಲ್ಕುಲೇಟರ್ ಇಲ್ಲೇನು?"
ಅಣಕವಲ್ಲ. ಇಲ್ಲದಿದ್ದರೆ ತನ್ನದನ್ನು ಕೊಡುತ್ತಾಳೆ.

ನಮ್ಮವ್ವ ಶಿವಗಂಗವ್ವಗೆ
ಈ ನಂಬರಿನ ಊರು ಇನ್ನೂ ಒಗ್ಗಿಲ್ಲ.
ಕಿಲ್ಲಾದ ಮನೆ, ಬಾಗಿಲ ಮುಂದೆ ಐದು ಮೆಟ್ಟಿಲು,
ಹಿನ್ನೀರು ಮೂರನೆಯದನ್ನು ಮುಟ್ಟಿದ್ದು ಪಂಚಮಿಯ ಮರುದಿನ,
ಜೋಕಾಲಿಯ ಹಗ್ಗ ಇನ್ನೂ ಬೇವಿನ ಮರಕ್ಕಿತ್ತು…
ಸಾವಿರ ಸಲ ಕೇಳಿ ಇದನ್ನೂ ನಾವು
ನೊಣದ ಸದ್ದು ಮಾಡಿಕೊಂಡಿದ್ದೆವು.

ನೀಲಾಂಬಿಕಾ ಕೇಳಿದಳು:
"ಮೂರು, ಮ್ಯಾಲಿಂದೋ ಕೆಳಗಿಂದೋ?"
ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.
"ಕೆಳಗಿಂದ, ನನ್ನ ಕೂಸ."
"ಯಾವ ವರ್ಷ?"
"ನಿಮ್ಮಪ್ಪಗ ನೌಕರಿ ಹತ್ತಿದ ವರ್ಷ."

ಲೈಬ್ರರಿಯಲ್ಲಿ ಹಳೆಯ ಪೇಪರಿನ ಕಟ್ಟು ಬಿಚ್ಚಿಸಿ
ಆ ದಿನದ ಜಲಾಶಯದ ಮಟ್ಟ ಬರೆದುಕೊಂಡಳು:
ಐದು ನೂರಾ ಹದಿನೇಳು, ಚುಕ್ಕಿ, ನಾಲ್ಕು, ಎರಡು.
ದಸರೆಯಿಂದ ಅಡುಗೆಮನೆಯ ಗೋಡೆಗೆ
ದಿನಾ ಪೆನ್ಸಿಲಿನ ಒಂದು ಚುಕ್ಕಿ,
ಒಗ್ಗರಣೆ ಸಿಡಿದ ಚುಕ್ಕಿಗಳ ಸುತ್ತ ಸೊನ್ನೆ ಹಾಕಿ:
ಇವು ಲೆಕ್ಕಕ್ಕಿಲ್ಲ.
ಶೈಲಾ ಸುಣ್ಣ ಹೊಡೆಸುವುದನ್ನು ಮುಂದೆ ಹಾಕಿದಳು.

"ಎಳ್ಳಮಾಸಿ ಆಗಿ ಒಂಬತ್ತನೇ ದಿನ.
ಎರಡು ದಿನ ಹಿಂದ ಮುಂದ."
ತಪ್ಪಬಹುದು ಎಂದು ಮೊದಲೇ ಹೇಳಿದವರು
ನಮ್ಮ ಮನೆತನದಲ್ಲಿ ಇವಳೇ ಮೊದಲು.

ಒಂಬತ್ತನೇ ದಿನ ಕೆಸರು, ಜಾಲಿ, ಹರಿದ ಮೀನಿನ ಬಲೆ.
ಅವ್ವ ಮೊದಲು ಬೇರೆಯವರ ಮನೆಯಲ್ಲಿ ಹೋಗಿ ನಿಂತಳು,
ಆಮೇಲೆ ಒರಳಿನ ಕುಳಿ ಕಂಡು ಇತ್ತ ತಿರುಗಿದಳು.
ಐದನೆಯದು. ನಾಲ್ಕನೆಯದು.
ಮೂರನೆಯದು ನೀರಿನ ಕೆಳಗೇ, ನಾಲ್ಕು ಬೆರಳು.

ಆಟೋದಲ್ಲಿ ಊರು ಮುಟ್ಟುವ ತನಕ
ಅವಳು ಹಿಂದಕ್ಕೆ ಮುಂದಕ್ಕೆ ತೂಗಿದಳು, ತಲೆ ಬಡಿದುಕೊಂಡಳು.
ಹನ್ನೊಂದು ಸಾವಿರ ವೋಲ್ಟಿನ ತಂತಿ ಬಲ್ಲ ಈ ಕೈಗೆ
ಎಲ್ಲಿ ಮುಟ್ಟಬೇಕು ತಿಳಿಯಲಿಲ್ಲ.
ಅವ್ವ ಮುಟ್ಟಲಿಲ್ಲ. ಹೊರಗೆ ನೋಡುತ್ತ ಕೇಳಿದಳು:
"ನಾಕ ಬೆರಳಂದ್ರ ಎಷ್ಟಾತು, ನಿನ್ನ ಲೆಕ್ಕದಾಗ?"
ಬಹಳ ಹೊತ್ತಿನ ಮೇಲೆ
"ಏಳು ಸೆಂಟಿಮೀಟರ್.
ಕಾಲುವಿ ಬಂದ್ ಮಾಡ್ಯಾರ, ನೀರು ನಿಧಾನ ಇಳಿಯಾಕತ್ತೈತಿ."
"ಹಂಗಾರ ನಿನ್ನ ತಪ್ಪಲ್ಲ ಅದು."
"ತಪ್ಪs. ಕಾಲುವಿ ಹಿಡಿಬೇಕಿತ್ತು ಲೆಕ್ಕದಾಗ."

ಹನ್ನೊಂದನೇ ದಿನ
ಮೂರನೇ ಮೆಟ್ಟಿಲ ಅಂಚಿಗೆ, ಸರಿಯಾಗಿ ಅಂಚಿಗೆ, ನೀರು.
ಅವ್ವ ನಾಲ್ಕನೆಯದರ ಮೇಲೆ ಕೂತು ಪಾದ ಇಳಿಬಿಟ್ಟಳು.
ಮೊಮ್ಮಗಳು ಬಗ್ಗಿ ಸ್ಕೇಲು ಹಿಡಿದಿದ್ದಳು.

ಎದ್ದು ಹೊರಡುವಾಗ ಅವ್ವ
ಸಡಿಲಾದ ಒಂದು ಚೂರು ಕಲ್ಲನ್ನು ಸೆರಗಿಗೆ ಕಟ್ಟಿದಳು.
"ಇಡು ಅದನ್ನ" ಅಂದಳು ನೀಲಾ.
"ನೆಪ್ಪಿಗೆ, ಕೂಸ."
"ಅದನ್ನೊಯ್ದ್ರ ಬರೋ ವರ್ಷ ಯಾವುದರಿಂದ ಅಳೀಬೇಕು?"

ಅವ್ವ ಸೆರಗು ಬಿಚ್ಚಿದಳು.
ಕಲ್ಲು ಇದ್ದಲ್ಲೇ ಕೂಡುವ ತನಕ
ಎರಡು ಸಲ ತಿರುಗಿಸಿ ಇಟ್ಟಳು.